ಪಿನ್ನಿನೊಳಗೆ 65,536 ಚೌಬಾರ

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದ ಪರಿಚಯದ ಹುಡುಗನೊಬ್ಬ ಭಾಲ್ಕಿ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಜೇಬಿನಿಂದ ಒಂದು ತುಂಡು ವೈರ್ ತೆಗೆದ. ಒಂದು ತುದಿಯಲ್ಲಿ ಟೈಪ್-ಸಿ ಪಿನ್ನು, ಇನ್ನೊಂದು ತುದಿಯಲ್ಲಿ ಇಯರ್‌ಫೋನ್ ಚುಚ್ಚುವ ತೂತು. "ಕಾಕಾ, ಇದರಾಗ 32 ಬಿಟ್ ಡ್ಯಾಕ್ ಅದ ನೋಡ್ರಿ" ಅಂದ. ಬೆಲೆ ಕೆಲವೇ ನೂರು ರೂಪಾಯಿ. ಡ್ಯಾಕ್ ಅಂದರೆ ಅಂಕಿಗಳನ್ನು ನುಂಗಿ ಹಾಡು ಕೊಡುವ ಚಿಪ್. ಅದು ನುಂಗುವ ಅಂಕಿಗಳನ್ನು ಲೆಕ್ಕ ಹಾಕಲು ಕೂತವನಿಗೆ ಭಾಲ್ಕಿ ಬಂದದ್ದೇ ಗೊತ್ತಾಗಲಿಲ್ಲ.

ಸಾದಾ ಸಿ.ಡಿ. ಗುಣಮಟ್ಟದ ಹಾಡನ್ನೇ ತೆಗೆದುಕೊಳ್ಳಿ. ಒಂದೊಂದು ಕಿವಿಗೆ ಸೆಕೆಂಡಿಗೆ 44,100 ಅಂಕಿ, ಎರಡೂ ಸೇರಿ 88,200. ಒಬ್ಬೊಬ್ಬರಿಗೆ ಒಂದೊಂದು ಅಂಕಿ ಹಂಚುತ್ತ ಹೋದರೆ 2011ರ ಜನಗಣತಿಯ ಬೀದರ್ ನಗರದ 2 ಲಕ್ಷ 16 ಸಾವಿರ ಜನರಿಗೆ ಎರಡೂವರೆ ಸೆಕೆಂಡಿನ ಹಾಡು ಸಾಕು. ಭಾಲ್ಕಿ, ಔರಾದ್ ಎಲ್ಲ ಸೇರಿದ ಇಡೀ ಜಿಲ್ಲೆಯ 17 ಲಕ್ಷ ಜನರಿಗೆ 19 ಸೆಕೆಂಡು: ಭೀಮಸೇನ ಜೋಶಿಯವರ ಒಂದೆರಡು ತಾನ. ಕರ್ನಾಟಕದ 6 ಕೋಟಿ 11 ಲಕ್ಷ ಜನರಿಗೆ? ಹನ್ನೊಂದೂವರೆ ನಿಮಿಷ. ಬಸ್ಸು ಇನ್ನೂ ಬೀದರ್ ದಾಟಿರುವುದಿಲ್ಲ, ರಾಜ್ಯವೆಲ್ಲ ಮುಗಿಯಿತು!

ಇದು ಬರೀ ಎಣಿಕೆ. ಒಂದೊಂದು ಅಂಕಿಯ ಎತ್ತರ ನೋಡಿದರೆ ತಲೆ ತಿರುಗುತ್ತದೆ. 16 ಬಿಟ್ ಅಂದರೆ 65,536 ಮೆಟ್ಟಿಲು. ಬೀದರಿನ ನಡುವೆ ನಿಂತ ಕಾವಲು ಗೋಪುರ ಚೌಬಾರದ ಎತ್ತರ ಸುಮಾರು 22 ಮೀಟರ್. ಅದಕ್ಕೆ 65,536 ಮೆಟ್ಟಿಲು ಕಡೆದರೆ ಒಂದು ಮೆಟ್ಟಿಲಿನ ಎತ್ತರ ಮಿಲಿಮೀಟರಿನ ಮೂರನೇ ಒಂದು ಪಾಲು, ಅಂದರೆ ಲಗ್ನಪತ್ರಿಕೆಯ ರಟ್ಟಿನಷ್ಟು. ಅದೇ ಮೆಟ್ಟಿಲಲ್ಲಿ 24 ಬಿಟ್ ಹತ್ತಬೇಕಾದರೆ 256 ಚೌಬಾರಗಳನ್ನು ಒಂದರ ಮೇಲೊಂದು ಪೇರಿಸಬೇಕು: 5.6 ಕಿಲೋಮೀಟರ್, ಆಫ್ರಿಕಾದ ಕಿಲಿಮಂಜಾರೋ ಪರ್ವತಕ್ಕೆ ತುಸುವೇ ಕಡಿಮೆ. ಹುಡುಗನ ಪಿನ್ನಿನ 32 ಬಿಟ್‌ಗೋ? 65,536 ಚೌಬಾರ! ಎತ್ತರ 1,440 ಕಿಲೋಮೀಟರ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಿರುಗುವುದು ಸುಮಾರು 400 ಕಿಲೋಮೀಟರ್ ಮೇಲೆ. ಅದನ್ನೂ ದಾಟಿ ಮೂರೂವರೆ ಪಟ್ಟು. ಸೆಕೆಂಡಿಗೊಂದು ಮೆಟ್ಟಿಲು ಹತ್ತಿದರೆ ತುದಿ ಮುಟ್ಟಲು 136 ವರ್ಷ.

ಇಷ್ಟು ಮೆಟ್ಟಿಲು ಕಟ್ಟುವ ಹಳೆಯ ಬಗೆ ಏಣಿ ಡ್ಯಾಕ್. ರೆಸಿಸ್ಟರುಗಳ ಸಾಲು, ಪ್ರತಿ ಹಂತದ ತೂಕ ಕೆಳಗಿನದರ ಎರಡರಷ್ಟು. ಬಡ್ಡಿಯ ಹಾಗೆ ಬೆಳೆಯುವ ಈ ತೂಕದಲ್ಲೇ ಎಲ್ಲ ಫಜೀತಿ. ಏಣಿಯ ಮೇಲಿನ ಹಂತ 4 ಟನ್ನಿನ ಆನೆ ಅಂದುಕೊಳ್ಳಿ. 16 ಬಿಟ್ ಏಣಿಯ ಕೊನೆಯ ಹಂತ 122 ಗ್ರಾಂ, ಒಂದು ಉಳ್ಳಾಗಡ್ಡಿ. ಆನೆಯ ತೂಕದಲ್ಲಿ ಒಂದು ಉಳ್ಳಾಗಡ್ಡಿಯಷ್ಟು ಹೆಚ್ಚುಕಮ್ಮಿಯಾದರೆ ಕೆಳಗಿನ ಹಂತ ಇದ್ದೂ ಇಲ್ಲದಂತೆ. 24 ಬಿಟ್‌ನಲ್ಲಿ ಉಳ್ಳಾಗಡ್ಡಿ ಹೋಗಿ ನಾಲ್ಕೈದು ತೊಗರಿ ಕಾಳು ಬರುತ್ತದೆ. 32 ಬಿಟ್‌ನಲ್ಲಿ ಎರಡು ಮಿಲಿಗ್ರಾಮೂ ತೂಗದ ಒಂದು ಸಣ್ಣ ಸಾಸಿವೆ ಕಾಳು. ಆನೆಯನ್ನು ಸಾಸಿವೆಯ ಲೆಕ್ಕದಲ್ಲಿ ತೂಗುವ ತಕ್ಕಡಿ! ಒಳ್ಳೆಯ ಏಣಿ ಡ್ಯಾಕ್‌ಗಳ ಬೆಲೆ ಲಕ್ಷ ದಾಟುವುದು ಸುಮ್ಮನೆ ಅಲ್ಲ.

1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಫಿಲಿಪ್ಸ್ ಕಂಪನಿ 14 ಬಿಟ್ ಚಿಪ್ಪನ್ನೇ ಹಾಕಿತು, ಅಂದರೆ ಅರ್ಧ ಕಿಲೋ ತನಕದ ತಕ್ಕಡಿ. ಕೊರತೆ ತುಂಬಲು ನಾಲ್ಕು ಪಟ್ಟು ಓಡಿಸಿತು: ಸೆಕೆಂಡಿಗೆ 1,76,400. ತೂಕದಲ್ಲಿ ಸೋತದ್ದನ್ನು ವೇಗದಲ್ಲಿ ಗೆಲ್ಲುವ ಈ ಚಾಳಿ ಮುಂದೆ ಮಿತಿಮೀರಿತು. ಬಿಟ್‌ಗಳನ್ನು ಕಡಿಮೆ ಮಾಡುತ್ತ ಹೋಗಿ ಕೊನೆಗೆ ಉಳಿದದ್ದು ಒಂದೇ: ಹೌದು ಅಥವಾ ಇಲ್ಲ. ಡೆಲ್ಟಾ-ಸಿಗ್ಮಾ ಎಂಬ ಈ ಎರಡನೇ ಬಗೆ ಏಣಿಯನ್ನೇ ಎಸೆದು ಓಟಕ್ಕೆ ಬಿತ್ತು.

ಎಂಥ ಓಟ! 1999ರಲ್ಲಿ ಬಂದ ಸೂಪರ್ ಆಡಿಯೊ ಸಿ.ಡಿ.ಯಲ್ಲಿ ಒಂದು ಕಿವಿಗೆ ಸೆಕೆಂಡಿಗೆ 28,22,400 ಸಲ ಹೌದು-ಇಲ್ಲ. ನಿಮಿಷಕ್ಕೆ 72 ಸಲ ಬಡಿಯುವ ಎದೆ ಅಷ್ಟು ಬಡಿಯಲು 27 ದಿನ ಬೇಕು. ಅದರ ಎಂಟು ಪಟ್ಟು ಓಡುವ ಡ್ಯಾಕ್‌ಗಳೂ ಇವೆ. ಅವುಗಳ ಒಂದು ಸೆಕೆಂಡು ಎದೆಗೆ ಏಳು ತಿಂಗಳು. ಎಂಟು ಪಟ್ಟು ಬಿಡಿ, ಮೊದಲಿನ ವೇಗವೇ ಇರಲಿ. ಬಹಮನಿ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಆ ದಿನದಿಂದ ಇಂದಿನವರೆಗೆ ಒಂದು ಎದೆ ನಿಲ್ಲದೆ ಬಡಿದಿದ್ದರೆ ಎಷ್ಟು ಬಡಿತವಾಗುತ್ತಿತ್ತೋ ಅಷ್ಟನ್ನು ಈ ಯಂತ್ರ ನಮ್ಮ ಎರಡು ಕಿವಿಗೆ ಒಂದು ಗಂಟೆ ಎರಡು ನಿಮಿಷದಲ್ಲಿ ಮುಗಿಸುತ್ತದೆ. ಐದೂವರೆ ಶತಮಾನ, ಬೀದರಿನಿಂದ ಭಾಲ್ಕಿಗೆ ಬಸ್ಸು ಹೋಗುವಷ್ಟರಲ್ಲಿ.

ಇಷ್ಟು ವೇಗದಲ್ಲಿ ತಾಳ ತಪ್ಪಬಾರದು. ಒಳ್ಳೆಯ ಡ್ಯಾಕ್‌ಗಳ ಗಡಿಯಾರದ ತಪ್ಪನ್ನು ಪಿಕೊಸೆಕೆಂಡುಗಳಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿನಲ್ಲಿ ಅವು ಒಂದು ಲಕ್ಷ ಕೋಟಿ. ಪಿಕೊಸೆಕೆಂಡನ್ನು ಸೆಕೆಂಡಿಗೆ ಹಿಗ್ಗಿಸಿದರೆ ಸೆಕೆಂಡು 31,700 ವರ್ಷವಾಗುತ್ತದೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕೂ ಒಂದು ಪಿಕೊಸೆಕೆಂಡಿನಲ್ಲಿ ನಮ್ಮ ಚೌಬಾರದ ಒಂದು ಲಗ್ನಪತ್ರಿಕೆ ಮೆಟ್ಟಿಲನ್ನು ಪೂರ್ತಿ ಹತ್ತಲಾರದು.

ಇನ್ನು ಕಿವಿಯ ಮಾತು. ಕೇಳಿಸಿತೋ ಇಲ್ಲವೋ ಎಂಬ ಸದ್ದಿನಿಂದ ಕಿವಿ ನೋಯುವ ಸದ್ದಿನವರೆಗೆ ಒತ್ತಡ ಹೆಚ್ಚುವುದು ಹತ್ತು ಲಕ್ಷ ಪಟ್ಟು. ಅದಕ್ಕೆ 20 ಬಿಟ್ ಸಾಕು, ಹದಿನಾರು ಚೌಬಾರ. ಅತಿ ದುಬಾರಿ ಚಿಪ್ಪುಗಳೂ 22 ಬಿಟ್‌ನ ಆಸುಪಾಸಿನಲ್ಲಿ, ಅರವತ್ತನಾಲ್ಕನೇ ಚೌಬಾರದ ಹತ್ತಿರ, ಸುಸ್ತಾಗುತ್ತವೆ. ಅದಕ್ಕಿಂತ ಸಣ್ಣ ಸದ್ದನ್ನು ಎಲೆಕ್ಟ್ರಾನುಗಳ ಗದ್ದಲವೇ ನುಂಗುತ್ತದೆ. ಉಳಿದ 65,472 ಚೌಬಾರ ಡಬ್ಬಿಯ ಮೇಲಿನ ಅಚ್ಚು. ಎಂಜಿನ್ ಗುಡುಗುವ ನಮ್ಮ ಬಸ್ಸಿನಲ್ಲಂತೂ ಒಂದು ಚೌಬಾರವೂ ಪೂರ್ತಿ ಕಾಣುವುದಿಲ್ಲ.

"ಹಂಗಾರ ರೊಕ್ಕ ಹಾಳಾತೇನ್ರಿ ಕಾಕಾ?" ಅಂದ ಹುಡುಗ. ಹಾಳಾಗಿಲ್ಲ. ಏಣಿಯೋ ಓಟವೋ ಎಂದು ಲಕ್ಷ ಸುರಿಯುವ ಮೊದಲು ಇಯರ್‌ಫೋನ್ ಬದಲಿಸಿ. ಅವನ ಇಯರ್‌ಫೋನಿನ ಎಡಗಡೆಯದು ಆಗಲೇ ಕೆಟ್ಟಿತ್ತು.