ವಾಷಿಂಗ್ಟನ್ ನೇವಲ್: ಒಂದೇ ಕಣ್ಣಿನಿಂದ ಬೆಳೆದ ವ್ಯಾಪಾರ

ಕರ್ನಾಟಕದ ಪೇಟೆಗಳಲ್ಲಿ ಮಾರಾಟವಾಗುವ ಮೊಸಂಬಿ ಹಾಗೂ ಕ್ಯಾಲಿಫೋರ್ನಿಯಾದ ನೇವಲ್ ಕಿತ್ತಳೆ ಇವೆರಡೂ ಸಿಹಿ ಕಿತ್ತಳೆಯೆಂಬ ಒಂದೇ ಜಾತಿಗೆ ಸೇರಿವೆ. ಹಣ್ಣಿನ ತುದಿಯಲ್ಲಿ ಹೊಕ್ಕುಳಿನಂತಹ ಗುರುತಿರುವುದರಿಂದ ನೇವಲ್‌ಗೆ ಆ ಹೆಸರು ಬಂದಿದೆ. ಇದರ ಪ್ರಮುಖ ತಳಿಯಾದ ವಾಷಿಂಗ್ಟನ್ ನೇವಲ್‌ನ ಚರಿತ್ರೆಯು ತೋಟಗಾರಿಕಾ ವಾಣಿಜ್ಯದಲ್ಲಿ ಆಸಕ್ತಿಯುಳ್ಳವರೆಲ್ಲರೂ ಗಮನಿಸತಕ್ಕದ್ದಾಗಿದೆ.

1870ರಲ್ಲಿ ಬ್ರೆಜಿಲ್‌ನ ಬಾಹಿಯಾದಿಂದ ಕಸಿ ಮಾಡಿದ 12 ಗಿಡಗಳನ್ನು ಅಮೆರಿಕದ ಕೃಷಿ ಇಲಾಖೆಯ ವಿಲಿಯಂ ಸಾಂಡರ್ಸ್ ಅವರು ವಾಷಿಂಗ್ಟನ್‌ಗೆ ತರಿಸಿಕೊಂಡರು. ಅವುಗಳಿಂದ ಅಭಿವೃದ್ಧಿಪಡಿಸಿದ ಸಸಿಗಳು 1873ರ ಸುಮಾರಿಗೆ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದ ಎಲೈಜಾ ಟಿಬೆಟ್ಸ್ ಎಂಬ ಮಹಿಳೆಯ ಕೈಸೇರಿದವು. ಆ ಗಿಡಗಳ ಕಣ್ಣುಗಳಿಂದಲೇ ರಾಜ್ಯದ ತೋಟಗಳು ಹಬ್ಬಿದವು. 1893ರಲ್ಲಿ ಬೆಳೆಗಾರರು ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. ಅದೇ ಮುಂದೆ ಸನ್‌ಕಿಸ್ಟ್ ಎಂದು ಪ್ರಸಿದ್ಧವಾಯಿತು.

ಈ ಹಣ್ಣಿನಲ್ಲಿ ಬೀಜವಿಲ್ಲ, ಸಿಪ್ಪೆ ಸುಲಭವಾಗಿ ಬಿಡುತ್ತದೆ, ಚಳಿಗಾಲದಲ್ಲಿ ಮಾಗುತ್ತದೆ. ಆದರೆ ರಸ ಹಿಂಡಿಟ್ಟರೆ ಲಿಮೋನಿನ್ ಎಂಬ ಪದಾರ್ಥವು ಉಂಟಾಗಿ, ಕೆಲವು ಗಂಟೆಗಳಲ್ಲಿ ರಸಕ್ಕೆ ಕಹಿ ಬರುತ್ತದೆ. ಆದ್ದರಿಂದ ಇದು ಮುಖ್ಯವಾಗಿ ತಿನ್ನುವ ಹಣ್ಣಾಗಿ ಮಾರಾಟವಾಗುತ್ತದೆ. ರಸದ ಕಾರ್ಖಾನೆಗಳು ತಡವಾಗಿ ಮಾಗುವ ವೇಲೆನ್ಸಿಯ ತಳಿಯನ್ನು ಹೆಚ್ಚಾಗಿ ಬಯಸುತ್ತವೆ.

ಬೀಜವಿಲ್ಲದ ತಳಿಯನ್ನು ಕಣ್ಣು ಕಸಿಯಿಂದಲೇ ಮುಂದುವರಿಸಬೇಕು. ಹಾಗಾಗಿ ಎಲ್ಲ ಮರಗಳೂ ಮೂಲ ಮರದ ಪ್ರತಿರೂಪಗಳೇ. ಇದರಿಂದ ಗಾತ್ರ, ರುಚಿ, ದರ್ಜೆಗಳಲ್ಲಿ ಏಕರೂಪತೆ ದೊರೆತು ವ್ಯಾಪಾರಕ್ಕೆ ಅನುಕೂಲವಾಯಿತು. ಆದರೆ ಒಂದು ಮರಕ್ಕೆ ತಗಲುವ ರೋಗವನ್ನು ಎದುರಿಸುವ ಶಕ್ತಿ ಮತ್ತೊಂದಕ್ಕೂ ಇರುವುದಿಲ್ಲ.

ರಸ ಹೀರುವ ಸಿಲ್ಲಿಡ್ ಕೀಟದಿಂದ ಹರಡುವ ಗ್ರೀನಿಂಗ್ ರೋಗವು 2005ರಲ್ಲಿ ಫ್ಲಾರಿಡಾದಲ್ಲಿ ಪತ್ತೆಯಾಯಿತು. 2003-04ರಲ್ಲಿ ಸುಮಾರು 24.2 ಕೋಟಿ ಪೆಟ್ಟಿಗೆಗಳಷ್ಟಿದ್ದ ಅಲ್ಲಿನ ಕಿತ್ತಳೆ ಇಳುವರಿ, 2024-25ರಲ್ಲಿ ಸುಮಾರು 1.2 ಕೋಟಿಗೆ ಕುಸಿಯಿತು. ಚಂಡಮಾರುತಗಳೂ ಈ ನಷ್ಟವನ್ನು ಹೆಚ್ಚಿಸಿದವು. ಕ್ಯಾಲಿಫೋರ್ನಿಯಾದಲ್ಲಿ ರೋಗವು 2012ರಲ್ಲಿ ಕಾಣಿಸಿಕೊಂಡಿತು. ರಿವರ್‌ಸೈಡ್‌ನಲ್ಲಿ ಇಂದಿಗೂ ಉಳಿದಿರುವ ಮೂಲ ಮರವನ್ನು ಕೀಟಗಳು ನುಸುಳದ ಬಲೆಯ ಆವರಣದಲ್ಲಿಟ್ಟು ರಕ್ಷಿಸಲಾಗುತ್ತಿದೆ.

ಭಾರತದಲ್ಲಿಯೂ ಈ ರೋಗವಿದ್ದು, ಮೊಸಂಬಿಯನ್ನೂ ಕಣ್ಣು ಕಸಿಯಿಂದಲೇ ಬೆಳೆಸಲಾಗುತ್ತದೆ. ರೋಗ ತಗುಲಿದ ತಾಯಿ ಮರದಿಂದ ತೆಗೆದ ಕಣ್ಣು ರೋಗವನ್ನೂ ಹೊಸ ತೋಟಕ್ಕೆ ಕೊಂಡೊಯ್ಯುತ್ತದೆ. ಈ ರೋಗವನ್ನು ತೋಟದಲ್ಲಿ ಪೂರ್ಣವಾಗಿ ಗುಣಪಡಿಸುವ ಮದ್ದಿಲ್ಲ. ಆದುದರಿಂದ ಸಸಿಯ ಬೆಲೆಗಿಂತ ಮೊದಲು ಅದರ ತಾಯಿ ಮರವು ಪರೀಕ್ಷಿತವೇ ಎಂಬುದನ್ನು ವಿಚಾರಿಸುವುದು ಬೆಳೆಗಾರನಿಗೂ, ಅವನ ಹಣ್ಣನ್ನು ನೆಚ್ಚಿಕೊಂಡ ವರ್ತಕನಿಗೂ ಹಿತಕರ.