ಸೈನ್ಯವಿಲ್ಲ, ವಿಮಾನ ನಿಲ್ದಾಣವಿಲ್ಲ, ಸ್ವಂತ ನಾಣ್ಯವೂ ಇಲ್ಲ: ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶ 300 ವರ್ಷ ಉಳಿದದ್ದು ಹೇಗೆ?

ಯುರೋಪಿನ ನಕ್ಷೆಯಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವೆ ಕಣ್ಣು ಕಿರಿದು ಮಾಡಿ ಹುಡುಕಿದರೆ ಮಾತ್ರ ಕಾಣುವ ದೇಶ ಲಿಕ್ಟೆನ್‌ಸ್ಟೈನ್. ವಿಸ್ತೀರ್ಣ ಕೇವಲ 160 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 40 ಸಾವಿರ. ಉತ್ತರದಿಂದ ದಕ್ಷಿಣಕ್ಕೆ ಇದರ ಉದ್ದ ಸುಮಾರು 25 ಕಿಲೋಮೀಟರ್ ಅಷ್ಟೇ. ಹೀಗಿದ್ದರೂ ಇದಕ್ಕೆ ಸ್ವಂತ ರಾಜ, ಸ್ವಂತ ಸಂಸತ್ತು, ವಿಶ್ವಸಂಸ್ಥೆಯಲ್ಲಿ ಸ್ವಂತ ಆಸನ ಇದೆ. ಸುತ್ತಲಿನ ದೊಡ್ಡ ಸಾಮ್ರಾಜ್ಯಗಳು ಒಂದೊಂದಾಗಿ ಉರುಳಿದರೂ ಈ ದೇಶ ಉಳಿದುಕೊಂಡಿದ್ದರ ಹಿಂದೆ ಕುತೂಹಲಕಾರಿ ಇತಿಹಾಸವಿದೆ.

ನದಿ ಒಂದು ಕಡೆ, ಬೆಟ್ಟ ಇನ್ನೊಂದು ಕಡೆ

ದೇಶದ ಪಶ್ಚಿಮ ಗಡಿಯುದ್ದಕ್ಕೂ ರೈನ್ ನದಿ ಹರಿಯುತ್ತದೆ. ನದಿಯ ಆಚೆ ದಡ ಸ್ವಿಟ್ಜರ್ಲೆಂಡ್. ಪೂರ್ವದಲ್ಲಿ ಆಲ್ಪ್ಸ್ ಪರ್ವತಗಳು. ಅತಿ ಎತ್ತರದ ಶಿಖರ ಗ್ರೌಸ್ಪಿಟ್ಸ್, ಎತ್ತರ 2,599 ಮೀಟರ್. ನದಿಗೂ ಬೆಟ್ಟಕ್ಕೂ ನಡುವಿನ ಕಿರಿದಾದ ಬಯಲಿನಲ್ಲಿಯೇ ಹೆಚ್ಚಿನ ಊರು, ಹೊಲ, ಕಾರ್ಖಾನೆಗಳಿವೆ. ಈ ನದಿ ಹಲವು ಬಾರಿ ಕಷ್ಟವನ್ನೂ ತಂದಿದೆ. 1927ರ ಸೆಪ್ಟೆಂಬರ್‌ನಲ್ಲಿ ಒಡ್ಡು ಒಡೆದು ನೀರು ನುಗ್ಗಿ ದೇಶದ ತಗ್ಗು ಭಾಗ ಮುಳುಗಿತ್ತು.

ಲಿಕ್ಟೆನ್‌ಸ್ಟೈನ್‌ಗೆ ಸಮುದ್ರವಿಲ್ಲ. ಅದರ ಎರಡು ನೆರೆ ದೇಶಗಳಿಗೂ ಸಮುದ್ರವಿಲ್ಲ. ಹೀಗೆ ಎರಡು ಸುತ್ತು ನೆಲದಿಂದಲೇ ಆವೃತವಾದ ದೇಶಗಳು ಜಗತ್ತಿನಲ್ಲಿ ಎರಡೇ. ಇನ್ನೊಂದು ಉಜ್ಬೇಕಿಸ್ತಾನ. ರಾಜಧಾನಿ ವಾಡುಜ್. ಆದರೆ ಅತಿ ಹೆಚ್ಚು ಜನರಿರುವ ಊರು ಪಕ್ಕದ ಶಾನ್. ಆಡಳಿತ ಭಾಷೆ ಜರ್ಮನ್.

ಹಣ ಕೊಟ್ಟು ಕೊಂಡ ದೇಶ!

ಈ ದೇಶಕ್ಕೆ ಹೆಸರು ಬಂದದ್ದು ಒಂದು ಮನೆತನದಿಂದ. ಲಿಕ್ಟೆನ್‌ಸ್ಟೈನ್ ಮನೆತನದವರು ವಿಯೆನ್ನಾದಲ್ಲಿ ಪ್ರಭಾವಿಗಳು, ಅಪಾರ ಶ್ರೀಮಂತರು. ಆದರೆ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆಯಲ್ಲಿ ರಾಜರ ಸಾಲಿನಲ್ಲಿ ಕೂರಬೇಕಾದರೆ ನೇರವಾಗಿ ಚಕ್ರವರ್ತಿಯ ಅಧೀನದಲ್ಲಿರುವ ಭೂಮಿ ಬೇಕಿತ್ತು. ಅವರ ಬಳಿ ಅಂಥ ಭೂಮಿ ಇರಲಿಲ್ಲ. ಅದಕ್ಕಾಗಿ 1699ರಲ್ಲಿ ಶೆಲೆನ್‌ಬರ್ಗ್, 1712ರಲ್ಲಿ ವಾಡುಜ್ ಪ್ರದೇಶವನ್ನು ಖರೀದಿಸಿದರು. 1719ರ ಜನವರಿ 23ರಂದು ಚಕ್ರವರ್ತಿ ಆರನೇ ಚಾರ್ಲ್ಸ್ ಎರಡನ್ನೂ ಸೇರಿಸಿ ಸಂಸ್ಥಾನವೆಂದು ಘೋಷಿಸಿದ.

ವಿಚಿತ್ರವೆಂದರೆ, ಪದವಿ ಸಿಕ್ಕ ಮೇಲೆ ಒಡೆಯರು ಇತ್ತ ತಿರುಗಿಯೂ ನೋಡಲಿಲ್ಲ. ಆಳುವ ರಾಜನೊಬ್ಬ ಮೊದಲ ಬಾರಿ ಇಲ್ಲಿಗೆ ಭೇಟಿ ನೀಡಿದ್ದು 1842ರಲ್ಲಿ. ಇಲ್ಲಿಯೇ ನೆಲೆ ನಿಂತ ಮೊದಲ ರಾಜ ಎರಡನೇ ಫ್ರಾನ್ಸ್ ಜೋಸೆಫ್. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ 1938ರಲ್ಲಿ ಆತ ವಾಡುಜ್‌ಗೆ ಬಂದ.

ಸೈನ್ಯಕ್ಕೆ ವಿದಾಯ

1806ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯ ಕೊನೆಗೊಂಡಾಗ ಲಿಕ್ಟೆನ್‌ಸ್ಟೈನ್ ಸಾರ್ವಭೌಮ ದೇಶವಾಯಿತು. 1866ರ ಯುದ್ಧದಲ್ಲಿ ಗಡಿ ಕಾಯಲು 80 ಸೈನಿಕರನ್ನು ಕಳಿಸಿತ್ತು. ಒಬ್ಬರೂ ಸಾಯಲಿಲ್ಲ. ಹೋದವರು 80, ಹೊಸ ಗೆಳೆಯನೊಬ್ಬನನ್ನು ಕರೆದುಕೊಂಡು ಮರಳಿದವರು 81 ಎಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. 1868ರಲ್ಲಿ ಸೈನ್ಯವನ್ನೇ ರದ್ದು ಮಾಡಲಾಯಿತು. ಬಡ ದೇಶಕ್ಕೆ ಅದರ ಖರ್ಚು ಭಾರವಾಗಿತ್ತು.

ಆಗ ಆರ್ಥಿಕವಾಗಿ ಆಸ್ಟ್ರಿಯಾವೇ ಆಸರೆ. ಮೊದಲ ಮಹಾಯುದ್ಧದಲ್ಲಿ ಆ ಸಾಮ್ರಾಜ್ಯ ಕುಸಿದು ಅದರ ಹಣ ಬೆಲೆ ಕಳೆದುಕೊಂಡಾಗ ಲಿಕ್ಟೆನ್‌ಸ್ಟೈನ್ ಜನರ ಉಳಿತಾಯವೂ ಕರಗಿತು. ಕೂಡಲೇ ದೇಶ ಇನ್ನೊಂದು ನೆರೆಯತ್ತ ತಿರುಗಿತು. 1923ರಲ್ಲಿ ಸ್ವಿಟ್ಜರ್ಲೆಂಡ್ ಜೊತೆ ಸುಂಕ ಒಪ್ಪಂದವಾಯಿತು. 1924ರಿಂದ ಸ್ವಿಸ್ ಫ್ರಾಂಕ್ ಇಲ್ಲಿನ ಹಣ.

500 ಜೀವಗಳ ಪ್ರಶ್ನೆ

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಮೇ ತಿಂಗಳ ಆರಂಭದಲ್ಲಿ, ಜರ್ಮನಿಯ ಪರವಾಗಿ ಸೇವೆಯಲ್ಲಿದ್ದ ಸುಮಾರು 500 ರಷ್ಯನ್ನರು ರಾತ್ರೋರಾತ್ರಿ ಗಡಿ ದಾಟಿ ಬಂದರು. ಅವರನ್ನು ಒಪ್ಪಿಸುವಂತೆ ಸೋವಿಯತ್ ಒಕ್ಕೂಟ ಕೇಳಿತು. ಒಪ್ಪಿಸಿದರೆ ಅವರಿಗೆ ಶಿಬಿರ ಇಲ್ಲವೇ ಮರಣ ಕಾದಿತ್ತು. ಬ್ರಿಟನ್, ಅಮೆರಿಕದಂಥ ಬಲಿಷ್ಠ ದೇಶಗಳೇ ತಮ್ಮ ವಶದಲ್ಲಿದ್ದ ಇಂಥ ಸಾವಿರಾರು ಜನರನ್ನು ಒಪ್ಪಿಸುತ್ತಿದ್ದ ಕಾಲ ಅದು. ಸೈನ್ಯವೇ ಇಲ್ಲದ ಲಿಕ್ಟೆನ್‌ಸ್ಟೈನ್ ಯಾರನ್ನೂ ಬಲವಂತವಾಗಿ ಕಳಿಸುವುದಿಲ್ಲ ಎಂದಿತು. ಕೆಲವರು ಸೋವಿಯತ್ ಭರವಸೆ ನಂಬಿ ತಾವಾಗಿ ಮರಳಿದರು. ಉಳಿದವರ ಊಟ, ವಸತಿಯ ಖರ್ಚನ್ನು ದೇಶವೇ ಹೊತ್ತಿತು. ಮುಂದೆ ಅವರಲ್ಲಿ ಹಲವರು ಅರ್ಜೆಂಟೀನಾಕ್ಕೆ ಹೋದರು.

ಇದರ ಜೊತೆ ನಷ್ಟವೂ ಇತ್ತು. ಯುದ್ಧದ ನಂತರ ಚೆಕೊಸ್ಲೊವಾಕಿಯಾ ರಾಜಮನೆತನದ ಅರಮನೆ, ಭೂಮಿಗಳನ್ನು ಮುಟ್ಟುಗೋಲು ಹಾಕಿತು. ಆ ಭೂಮಿ ಇಡೀ ಲಿಕ್ಟೆನ್‌ಸ್ಟೈನ್‌ಗಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು.

ಬ್ಯಾಂಕ್ ಮಾತ್ರವಲ್ಲ, ಕಾರ್ಖಾನೆಯೂ ಇದೆ

ಲಿಕ್ಟೆನ್‌ಸ್ಟೈನ್ ಎಂದರೆ ಶ್ರೀಮಂತರು ತೆರಿಗೆ ತಪ್ಪಿಸಿ ಹಣ ಇಡುವ ಜಾಗ ಎಂಬ ಹೆಸರು ಬಹುಕಾಲ ಇತ್ತು. 2008ರಲ್ಲಿ ಬ್ಯಾಂಕ್ ಗ್ರಾಹಕರ ಮಾಹಿತಿ ಜರ್ಮನಿಯ ಕೈ ಸೇರಿದಾಗ ದೊಡ್ಡ ಹಗರಣವೇ ಆಯಿತು. ಆನಂತರ ದೇಶ ಹಲವು ರಾಷ್ಟ್ರಗಳೊಂದಿಗೆ ತೆರಿಗೆ ಮಾಹಿತಿ ಹಂಚಿಕೊಳ್ಳಲು ಒಪ್ಪಿತು. ಆದರೆ ಇಲ್ಲಿನ ಸಂಪತ್ತು ಬ್ಯಾಂಕಿನಿಂದಷ್ಟೇ ಬಂದದ್ದಲ್ಲ. ಕಟ್ಟಡ ಕೆಲಸದ ಡ್ರಿಲ್ಲಿಂಗ್ ಯಂತ್ರಗಳಿಗೆ ಹೆಸರಾದ ಹಿಲ್ಟಿ ಕಂಪನಿ 1941ರಲ್ಲಿ ಹುಟ್ಟಿದ್ದು ಶಾನ್‌ನಲ್ಲಿ. ಇಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ರತಿದಿನ ನೆರೆ ದೇಶಗಳಿಂದ ಗಡಿ ದಾಟಿ ಬರುತ್ತಾರೆ.

ಮಹಿಳೆಯರಿಗೆ ಮತ ಸಿಕ್ಕಿದ್ದು 1984ರಲ್ಲಿ

ಪ್ರಮುಖ ವಿಷಯಗಳನ್ನು ಜನಮತದಿಂದ ತೀರ್ಮಾನಿಸುವುದು ಇಲ್ಲಿನ ಪದ್ಧತಿ. ಆದರೆ ಆ ಜನರಲ್ಲಿ ಮಹಿಳೆಯರು ಬಹುಕಾಲ ಇರಲಿಲ್ಲ. 1971 ಮತ್ತು 1973ರಲ್ಲಿ ಗಂಡಸರೇ ಮತ ಹಾಕಿ ಮಹಿಳಾ ಮತದಾನವನ್ನು ತಿರಸ್ಕರಿಸಿದರು. 1984ರಲ್ಲಿ ಅತಿ ಕಡಿಮೆ ಅಂತರದಲ್ಲಿ ಅದು ಅಂಗೀಕಾರವಾಯಿತು.

ರಾಜನ ಅಧಿಕಾರವೂ ಹೆಸರಿಗಷ್ಟೇ ಅಲ್ಲ. ಸಂಸತ್ತಿನ ಕಾನೂನನ್ನು ತಡೆಯುವ ಹಕ್ಕು ಆತನಿಗಿದೆ. 2003ರ ಜನಮತದಲ್ಲಿ ರಾಜನ ಅಧಿಕಾರ ಹೆಚ್ಚಿತು. ಜೊತೆಗೆ ಮತದ ಮೂಲಕ ರಾಜಪ್ರಭುತ್ವವನ್ನೇ ಕೊನೆಗೊಳಿಸುವ ದಾರಿಯೂ ಜನರಿಗೆ ಸಿಕ್ಕಿತು. ದೇಶದ 11 ಸ್ಥಳೀಯ ಆಡಳಿತಗಳಿಗೆ ಬೇಕಿದ್ದರೆ ದೇಶ ಬಿಟ್ಟು ಹೋಗುವ ಹಕ್ಕೂ ಸಂವಿಧಾನದಲ್ಲಿದೆ.

ಆಸರೆ ಬೇರೆ, ನಿರ್ಧಾರ ಬೇರೆ

ನಾಣ್ಯ, ಸುಂಕ ಎರಡೂ ಸ್ವಿಟ್ಜರ್ಲೆಂಡ್‌ನದು. ಇಲ್ಲಿ ಓಡುವ ರೈಲು ಆಸ್ಟ್ರಿಯಾದ್ದು. ಹೀಗಿದ್ದರೂ 1992ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಆರ್ಥಿಕ ವಲಯವನ್ನು ಸ್ವಿಸ್ ಮತದಾರರು ತಿರಸ್ಕರಿಸಿದ ಒಂದೇ ವಾರದಲ್ಲಿ ಲಿಕ್ಟೆನ್‌ಸ್ಟೈನ್ ಜನ ಅದಕ್ಕೆ ಒಪ್ಪಿಗೆ ಕೊಟ್ಟರು. ಹಳೆಯ ಸುಂಕ ಒಪ್ಪಂದವನ್ನು ತಿದ್ದಿಕೊಂಡು 1995ರಲ್ಲಿ ದೇಶ ಆ ವಲಯಕ್ಕೆ ಸೇರಿತು.

ಭಾರತಕ್ಕೂ ಈ ಪುಟ್ಟ ದೇಶಕ್ಕೂ ನಂಟಿದೆ. 2024ರ ಮಾರ್ಚ್‌ನಲ್ಲಿ ಭಾರತ ನಾಲ್ಕು ಯುರೋಪಿಯನ್ ದೇಶಗಳ ಇಎಫ್‌ಟಿಎ ಒಕ್ಕೂಟದೊಂದಿಗೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಜೊತೆ ಅದರಲ್ಲಿ ಲಿಕ್ಟೆನ್‌ಸ್ಟೈನ್ ಕೂಡ ಇದೆ. ನೂರು ವರ್ಷದಿಂದ ಸ್ವಿಸ್ ಹಣ ಬಳಸುತ್ತಿದ್ದರೂ ಸ್ವಿಟ್ಜರ್ಲೆಂಡ್‌ನ ಹೆಸರಿನಡಿ ಅಲ್ಲ, ತನ್ನದೇ ಹೆಸರಿನಲ್ಲಿ.