ತಿಳಿನೀರೆಲ್ಲ ಕುಡಿನೀರಲ್ಲ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿದಾಗ ಊರೆಲ್ಲ ನೀರು. ಕುಡಿಯುವ ನೀರಿಗೇ ಬರ! ಇಂಥ ಹೊತ್ತಿನಲ್ಲೂ ಚಾರಣದಲ್ಲೂ ಪುಟ್ಟ ಕೈಫಿಲ್ಟರ್ ನೆರವಾಗುತ್ತದೆ. ಆದರೆ ಕೊಳ್ಳುವಾಗ ಬೆಲೆಗಿಂತ ಮೊದಲು ರಂಧ್ರದ ಅಳತೆ ನೋಡಬೇಕು.

ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್. ಕಾಲರಾ ಬ್ಯಾಕ್ಟೀರಿಯಾದ ಅಗಲ ಸುಮಾರು ಅರ್ಧ ಮೈಕ್ರಾನ್, 0.1 ಮೈಕ್ರಾನ್ ರಂಧ್ರದ ಫಿಲ್ಟರ್ ಅದನ್ನು ತಡೆಯುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ‘ಎ’ ವೈರಸ್ ಸುಮಾರು 0.03 ಮೈಕ್ರಾನ್ ಮಾತ್ರ. ನೀರು ತಿಳಿಯಾಗಿ ಕಂಡರೂ ಅದು ನುಸುಳಿ ಬಂದಿರುತ್ತದೆ! ಚರಂಡಿ ಬೆರೆತ ನೆರೆನೀರಿನಲ್ಲಿ ಈ ಭಯ ಹೆಚ್ಚು.

ಹಾಗಾದರೆ ಮಾಡುವುದೇನು? ಒಲೆಯಿದ್ದರೆ ನೀರನ್ನು ಬಟ್ಟೆಯಲ್ಲಿ ಸೋಸಿ, ಒಂದು ನಿಮಿಷ ಕೊತಕೊತ ಕುದಿಸಬೇಕು. ಇಲ್ಲದಿದ್ದರೆ ಫಿಲ್ಟರಿನಿಂದ ಇಳಿದ ನೀರಿಗೆ ಪೊಟ್ಟಣದಲ್ಲಿ ಬರೆದಷ್ಟು ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು. ಕರಗಿದ ಕೀಟನಾಶಕ ಮಾತ್ರ ಇದಾವುದಕ್ಕೂ ಜಗ್ಗದು. ಹೊಲಗಳಿಂದ ಹರಿದು ಬಂದ ನೀರನ್ನು ಬಿಟ್ಟು ಬೇರೆಡೆ ಹುಡುಕುವುದೇ ಲೇಸು.